ಗೂಬೆ ಹುಡುಗಿಯ ಮೊದಲ ಪುಟ

ಬೆಳಿಗ್ಗೆ ಎದ್ದು ಹಾಲು ಕಾಯಿಸಿದೆ. ನಿನ್ನೆ ರುಬ್ಬಿದ ದೋಸೆಹಿಟ್ಟು ಈ ಚಳಿಗೆ ಉಬ್ಬಿರಲಿಲ್ಲ. ಓವನ್ನಿನ ದೀಪ ಹಾಕಿ ಪಾತ್ರೆಯನ್ನು ಒಳಗಿಟ್ಟೆ. ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ ಎಂದು ಫೋನು ಎಚ್ಚರಿಸಿತ್ತು. ಹಿತ್ತಲಿನ ಕರಿಬೇವಿನ ಕುಂಡಗಳನ್ನು ಒಂದೊಂದಾಗಿ ಗರಾಜಿಗೆ ಎಳೆದು ತಂದೆ, ಹೊರಗಿನ ನಲ್ಲಿಗೆ ಹಳೆಯ ಟವೆಲ್ ಸುತ್ತಿದೆ. ಒಗೆದ ಬಟ್ಟೆ ಮಡಿಸಿದೆ. ಫ್ರಿಜ್ಜಿನಲ್ಲಿ ಬಾಡುತ್ತಿದ್ದ ಮೆಂತ್ಯ ಸೊಪ್ಪು ಬಿಡಿಸಿದೆ. ಆಮೇಲೆ ಇವರ ವಾಕಿಂಗ್ ಶೂ ಬಾಯಿ ಬಿಟ್ಟಿದ್ದು ನೆನಪಾಗಿ, ಕಪಾಟಿನ ಹಿಂದೆಲ್ಲೋ ಇದ್ದ ಗ್ಲೂ ಗನ್ ಹುಡುಕಿ ಪ್ಲಗ್ಗಿಗೆ ಸಿಕ್ಕಿಸಿದೆ. ಅಂಟು ಬಿಸಿಯಾಗಿ ಕರಗುವ ವಾಸನೆ ಅಡುಗೆಮನೆ ತುಂಬಿತು. ಮೇಣದ್ದೂ ಅಲ್ಲದ, ಸುಟ್ಟ ಪ್ಲಾಸ್ಟಿಕ್ಕಿನದೂ ಅಲ್ಲದ, ಹೊಟ್ಟೆಯೊಳಗೆ ಇಳಿಯುವ ಒಂದು ವಾಸನೆ. ಶೂ ಅಲ್ಲೇ ಬಿಟ್ಟು ಕುರ್ಚಿ ಎಳೆದುಕೊಂಡು ಕೂತೆ.

ಐದಾರು ವರ್ಷದ ಹಿಂದೆ, ಒಂದು ಆಗಸ್ಟಿನಿಂದ ದೀಪಾವಳಿಯವರೆಗೆ, ಟೆಕ್ಸಸ್ಸಿನ ಪ್ಲೇನೋದ ನಮ್ಮ ಮನೆಯ ಊಟದ ಮೇಜಿನ ಮೇಲೆ ನಾವು ಊಟ ಮಾಡಿದ್ದೇ ಕಡಿಮೆ. ಅದರ ತುಂಬ ಕಂದು ಬಣ್ಣದ, ಕಂಬಳಿಯಂತೆ ದಪ್ಪಗಿನ ಫೆಲ್ಟ್ ಬಟ್ಟೆ, ಕತ್ತರಿ, ಈ ಗ್ಲೂ ಗನ್. ಬಟ್ಟೆಯನ್ನು ಗರಿಯ ಆಕಾರಕ್ಕೆ ಕತ್ತರಿಸಿ, ಒಂದರ ಮೇಲೊಂದು ಅಂಟಿಸಿ ನಾನು ಗೂಬೆಯ ರೆಕ್ಕೆ ಮಾಡುತ್ತಿದ್ದೆ. ತೊಡಬೇಕಾದವಳು ಇಂಚರ. ನನ್ನ ಗೆಳತಿ ಸುಮನಾಳ ಮಗಳು. ಆಗ ಅವಳಿಗೆ ಹದಿಮೂರು. ಸುಮನಾ ತೀರಿಹೋಗಿ ಎರಡು ವರ್ಷವಾಗಿತ್ತು. ಅಪ್ಪ ಪ್ರಕಾಶ, ಮಗಳು ಇಬ್ಬರೇ ಅರ್ಧ ಗಂಟೆ ದೂರದ ಲೂಯಿಸ್‌ವಿಲ್‌ನಲ್ಲಿ, ದೊಡ್ಡ ಕೆರೆಯ ಹತ್ತಿರದ ಅಪಾರ್ಟ್‌ಮೆಂಟಿನಲ್ಲಿದ್ದರು. ಪ್ರಕಾಶನಿಗೆ ಲ್ಯಾಬಿನಲ್ಲಿ ಶನಿವಾರ, ಭಾನುವಾರದ ಪಾಳಿ. ಶುಕ್ರವಾರ ಸಂಜೆ ನಾನು ಹೋಗಿ ಅವಳನ್ನು ಕರೆತರುತ್ತಿದ್ದೆ. ನಮ್ಮ ಮಗ ಆಗಲೇ ಕಾಲೇಜಿಗೆ ಹೊರಟು ಅವನ ಕೋಣೆ ಖಾಲಿಯಿತ್ತು.

ಆ ಆಗಸ್ಟಿನಲ್ಲಿ ಬಿಸಿಲು ಹೇಗಿತ್ತೆಂದರೆ, ಹುಲ್ಲು ಸುಟ್ಟ ತೆಂಗಿನ ನಾರಿನಂತಾಗಿತ್ತು. ಸಂಜೆ ಹೊತ್ತು ಅಂಗಡಿಗಳ ಪಾರ್ಕಿಂಗಿನಲ್ಲಿ ಕಪ್ಪು ಹಕ್ಕಿಗಳು ಸಾವಿರಗಟ್ಟಲೆ ಬಂದು ಕೂತು ಕಿರುಚುತ್ತಿದ್ದವು. ಹೊರಗೆ ಆಡಿಸಲು ಆಗದ ಹವೆ. ಹಾಗಾಗಿ ಇವರು ಅವಳನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಇವರು ಎಂದರೆ ನನ್ನ ಗಂಡ ಶ್ರೀಪಾದ, ಧಾರವಾಡದವರು. ಆಫೀಸಿನಲ್ಲಿ ನೆಟ್‌ವರ್ಕ್ ಇಂಜಿನಿಯರ್, ಮನೆಯಲ್ಲಿ ಕ್ಯಾಮೆರಾ ಹುಚ್ಚು. ಒಂದು ಶನಿವಾರ ಯಾವುದೋ ಸೂಪರ್‌ಹೀರೋ ಸಿನಿಮಾಕ್ಕೆ ನಾನೂ ಹೋಗಿದ್ದೆ. ವಾಪಸು ಬರುವಾಗ ಕಾರಿನಲ್ಲಿ ಹುಡುಗಿ ಸಿಡಿಮಿಡಿಗುಟ್ಟುತ್ತಿದ್ದಳು.

“ಕಾಮಿಕ್ ಬುಕ್ಕಲ್ಲಿ ಹಾಗಿಲ್ಲ ಆಂಟಿ! ಬುಕ್ಕಲ್ಲಿ ಅವ್ನೇ ಬಾಗಿಲು ಲಾಕ್ ಮಾಡೋಕೆ ಮರೀತಾನೆ. ಅದಕ್ಕೇ ಅವ್ನ ತಮ್ಮ ಸಾಯೋದು. ಇಲ್ಲಿ ನೋಡಿದ್ರೆ ಯಾವ್ದೋ ಲ್ಯಾಬ್ ಬ್ಲಾಸ್ಟ್ ಅಂತೆ. ಅವ್ನ ತಪ್ಪನ್ನೇ ತೆಗೆದುಬಿಟ್ಟಿದ್ದಾರೆ.”

“ಎರಡು ತಾಸಿನ್ಯಾಗ ಎಲ್ಲಾ ಹೆಂಗ ತೋರಸ್ತಾರ ತಂಗಿ?” ಇವರು ಸಿನಿಮಾದವರ ಪರ. “ನಮ್ಮ ಕಡೆ ನೋಡು, ಬಯಲಾಟದಾಗ ಒಂದು ಕಥಿ, ಪುರಾಣ ಹೇಳೋ ಆಚಾರ್ರ ಬಾಯಾಗ ಇನ್ನೊಂದು ಕಥಿ. ದೇವರು ಹುಟ್ಟಿದ ಕಥಿನ ಊರಿಗೊಂದು ಥರಾ ಇರತೈತಿ. ಇವಂದೇನು ದೊಡ್ಡದು?”

“ಆದ್ರೆ ಅಂಕಲ್, ಅವ್ನು ತಪ್ಪೇ ಮಾಡಿಲ್ಲ ಅಂದ್ರೆ ದಿನಾ ನಿದ್ದೆ ಬಿಟ್ಟು ಎಲ್ರಿಗೂ ಯಾಕೆ ಹೆಲ್ಪ್ ಮಾಡ್ಬೇಕು? ವೈ?”

ಇವರು ಐಸ್‌ಕ್ರೀಮ್ ಬೇಕೇ ಎಂದು ಕೇಳಿದರು.

ಮನೆಗೆ ಬಂದ ಮೇಲೆ ಅವಳು ತನ್ನ ಬ್ಯಾಗಿನಿಂದ ಬಿಳಿ ಹಾಳೆಗಳ ಒಂದು ಕಟ್ಟು ತೆಗೆದು ಇವರ ಮುಂದಿಟ್ಟಳು. “ನಾನು ಮಾಡಿರೋ ಕಾಮಿಕ್. ಅಂಕಲ್, ನೀವು ಸಿನಿಮಾ ಮಾಡಿ. ಆದ್ರೆ ಚೇಂಜ್ ಮಾಡ್ಬಾರ್ದು.” ಅದರಲ್ಲಿ ಒಬ್ಬ ಗೂಬೆ ಹುಡುಗಿ ಇದ್ದಳು. ಕಂದು ರೆಕ್ಕೆ, ದುಂಡು ಕಣ್ಣು. ಅವಳ ಶಕ್ತಿ ಹಾರುವುದರಲ್ಲಿ ಇರಲಿಲ್ಲ, ಕಿವಿಯಲ್ಲಿತ್ತು. ಊರಿನಲ್ಲಿ ಎಲ್ಲಿ ಯಾರು ಎಷ್ಟು ಮೆಲ್ಲಗೆ ಕರೆದರೂ ಅವಳಿಗೆ ಕೇಳಿಸುತ್ತದೆ, ತಕ್ಷಣ ಹೋಗುತ್ತಾಳೆ. ಗೂಬೆಗೆ ಕತ್ತಲಲ್ಲೂ ಇಲಿಯ ಹೆಜ್ಜೆ ಕೇಳುತ್ತದೆ ಎಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರಂತೆ. ದೀಪಾವಳಿಗೆ ನಮ್ಮ ಕನ್ನಡ ಕೂಟದಲ್ಲಿ ಮಕ್ಕಳ ಕಿರುಚಿತ್ರಕ್ಕೆಂದು ಹತ್ತು ನಿಮಿಷ ಕೊಡುತ್ತಾರೆ. ಅದಕ್ಕೆ ಮಾಡೋಣ ಎಂದು ಇವರು ಕುಣಿದರು.

“ಪಪ್ಪಂಗೆ ಮೊದ್ಲು ತೋರಿಸ್ಬೇಡಿ,” ಎಂದಳು. “ಅವ್ರು ದೊಡ್ಡ ಸ್ಕ್ರೀನಲ್ಲೇ ನೋಡ್ಬೇಕು. ಮೊದಲ್ನೇ ಪೇಜ್ ಪಪ್ಪ ನೋಡ್ಬೇಕು. ಅದು ಇಂಪಾರ್ಟೆಂಟ್.” ಆ ಡಿಸೆಂಬರಿಗೆ ಪ್ರಕಾಶನಿಗೆ ಹ್ಯೂಸ್ಟನ್ನಿಗೆ ವರ್ಗ ಗೊತ್ತಾಗಿತ್ತು. ಸುಮನಾ ಇದ್ದ ಮನೆ ಬಿಡುವ ಮೊದಲೇ ಇದು ಆಗಬೇಕು ಎಂಬುದು ಅವಳ ಹಟ.

ಇವರು ಕೊನೆಯ ಹಾಳೆಯ ಹೊಡೆದಾಟ ನೋಡುತ್ತಿದ್ದಾಗ ನಾನು ಮೊದಲನೆಯದನ್ನು ತೆಗೆದು ನೋಡಿದೆ. ನಾಲ್ಕು ಚಿತ್ರ. ಒಂದರಲ್ಲಿ ಮನೆಯ ಕಿಟಕಿಯ ಪಕ್ಕ ತಂದಿಟ್ಟ ಆಸ್ಪತ್ರೆಯ ಮಂಚ, ಅದರ ಮೇಲೆ ಅಮ್ಮ. ಎರಡನೆಯದರಲ್ಲಿ ತುರುಬು ಕಟ್ಟಿದ, ಹಣೆಗೆ ಬೊಟ್ಟಿಟ್ಟ ಒಬ್ಬ ಆಂಟಿ, ಹುಡುಗಿಯ ಕಿವಿಗೆ ದೊಡ್ಡ ಹೆಡ್‌ಫೋನ್ ಹಾಕುತ್ತಿದ್ದಾಳೆ. ಮೂರನೆಯದರಲ್ಲಿ ಅಮ್ಮನ ಬಾಯಿ ತೆರೆದಿದೆ, ಮಾತಿನ ಗುಳ್ಳೆಯಲ್ಲಿ ಕನ್ನಡದಲ್ಲಿ ‘ಇಂಚೂ’ ಎಂದಿದೆ. ಇಡೀ ಕಥೆಯಲ್ಲಿ ಕನ್ನಡದಲ್ಲಿದ್ದದ್ದು ಅದೊಂದೇ. ಹೇಗೆ ಬರೆಯುವುದೆಂದು ಅದರ ಹಿಂದಿನ ವಾರವಷ್ಟೇ ನನ್ನನ್ನೇ ಕೇಳಿದ್ದಳು, ನಾನೇ ತಿದ್ದಿಸಿದ್ದೆ. ನಾಲ್ಕನೆಯದರಲ್ಲಿ ಹುಡುಗಿ ಹೆಡ್‌ಫೋನ್ ಹಾಕಿಕೊಂಡು ಟಿವಿ ನೋಡಿ ನಗುತ್ತಿದ್ದಾಳೆ.

ತುರುಬಿನ ಆಂಟಿ ನಾನೇ. ಅದು ನಿಜ. ಸುಮನಾಳ ಕೊನೆಯ ದಿನ, ಅವಳ ಮಂಚವಿದ್ದ ಅವರ ಮನೆಯ ಹಾಲ್‌ನಲ್ಲಿ ನರ್ಸು, ಪ್ರಕಾಶ, ನಾವೆಲ್ಲ ಮಾತಾಡುವುದು ಮಗುವಿಗೆ ಕೇಳಬಾರದೆಂದು ಒಳಗಿನ ಕೋಣೆಯಲ್ಲಿ ಅವಳಿಗೆ ಸಿನಿಮಾ ಹಾಕಿ ಹೆಡ್‌ಫೋನ್ ತೊಡಿಸಿದವಳು ನಾನು. ಆದರೆ ಮೂರನೆಯ ಚಿತ್ರ ನಡೆದಿರಲಿಲ್ಲ. ಸುಮನಾಗೆ ಬೆಳಗಿನಿಂದಲೇ ಮಾತು ನಿಂತಿತ್ತು. ಔಷಧಿಯ ಮಂಪರಿನಲ್ಲಿ ಮಲಗಿದ್ದವಳು ಮಧ್ಯಾಹ್ನ ಹಾಗೆಯೇ ಹೋದಳು. ಎಲ್ಲ ಮುಗಿದ ಮೇಲೆ ಹನ್ನೊಂದು ವರ್ಷದ ಆ ಮಗು ನನ್ನ ಸೆರಗು ಹಿಡಿದು, “ಅಮ್ಮ ಏನಾದ್ರೂ ಹೇಳಿದ್ರಾ?” ಎಂದು ಕೇಳಿತು. ನಾನು, “ನಿನ್ನ ಹೆಸರೇ ಕರೀತಿದ್ಲು ಕಂದ, ಇಂಚೂ ಇಂಚೂ ಅಂತ,” ಎಂದೆ. ಸಾವಿನ ಮನೆಯಲ್ಲಿ ಹೀಗೆ ಹೇಳುತ್ತಾರೆ. ನನ್ನ ಅಜ್ಜಿ ಹೋದಾಗ ನನಗೂ ಯಾರೋ ಹೇಳಿದ್ದರು, ನಾನು ಸಮಾಧಾನಪಟ್ಟಿದ್ದೆ. ಬಾಯಿಗೆ ತಾನಾಗಿ ಬಂದ ಮಾತು ಅದು, ಹೇಳಿ ಮರೆತೂಬಿಟ್ಟಿದ್ದೆ. ಆ ಮಗು ಮರೆತಿರಲಿಲ್ಲ. ಅಮ್ಮ ಕರೆದಳು, ನನಗೆ ಕೇಳಿಸಲಿಲ್ಲ, ನಾನು ನಗುತ್ತಿದ್ದೆ ಎಂದು ಎರಡು ವರ್ಷ ಹೊತ್ತುಕೊಂಡು ತಿರುಗಿತ್ತು. ಅದರಿಂದ ಒಬ್ಬ ಸೂಪರ್‌ಹೀರೋವನ್ನೇ ಮಾಡಿಕೊಂಡಿತ್ತು.

ಆಗಲೇ ಕರೆದು ಕೂರಿಸಿ ಹೇಳಿಬಿಡಬೇಕಿತ್ತು. ಅದರ ಬದಲು ಬಟ್ಟೆ ಅಂಗಡಿಗೆ ಹೋಗಿ ಕಂದು ಫೆಲ್ಟ್ ತಂದೆ.

ಸೆಪ್ಟೆಂಬರಿನ ಒಂದು ಭಾನುವಾರ ಪಕ್ಕದ ಊರು ಮರ್ಫಿಯಲ್ಲಿ ಜಲಜಕ್ಕನ ಮನೆಯಲ್ಲಿ ಕೂಟದ ಸಭೆ. ಜಲಜಕ್ಕ ಉಡುಪಿಯವರು, ಎಪ್ಪತ್ತರ ಹತ್ತಿರ. ಹಬ್ಬದ ಕಾರ್ಯಕ್ರಮದಲ್ಲಿ ಅವರ ಮಾತೇ ಮಾತು. ಸುಮನಾ ಮಲಗಿದ್ದಾಗ ವಾರಗಟ್ಟಲೆ ಆ ಮನೆಗೆ ಗಂಜಿ, ಸಾರು ಹೊತ್ತವರೂ ಅವರೇ. ಇವರು ಹುಮ್ಮಸ್ಸಿನಿಂದ ಕಥೆ ಹೇಳಿದರು. ಜಲಜಕ್ಕ ಕಡುಬಿನ ತಟ್ಟೆಯನ್ನು ಕೆಳಗಿಟ್ಟರು.

“ಎಂತದು ಮಾರಾಯ್ರೇ, ದೀಪಾವಳಿಗೆ ಗೂಬೆಯಾ? ಬೇರೆ ಹಕ್ಕಿ ಸಿಗ್ಲಿಲ್ವಾ ನಿಮ್ಗೆ? ನವಿಲು ಉಂಟು, ಹಂಸ ಉಂಟು.”

“ನವಿಲಿಗೆ ಕಿವಿ ಅಷ್ಟು ಚುರುಕು ಇರಂಗಿಲ್ರಿ ಅಕ್ಕಾರ. ಹುಡುಗಿ ಎಲ್ಲಾ ಓದ್ಯಾಳ.”

“ಚುರುಕು ನಿಮ್ಮ ಕ್ಯಾಮೆರಾಕ್ಕೆ ಇದ್ರೆ ಸಾಕು. ದೀಪ ಹಚ್ಚಿ ಕೂತ್ಕೊಂಡ ಕೂಡ್ಲೇ ಗೂಬೆ, ಗೂಬೆಯ ಹಿಂದೆ ಸಾವು. ನೋಡುವವರಾದ್ರೂ ಯಾರು? ಮೊದಲು ಎದ್ದು ಹೋಗುವವಳು ನಾನೇ.”

ನಮ್ಮ ಮನೆಗಳಲ್ಲಿ ಗೂಬೆ ಎಂದರೆ ಬೈಗುಳ, ಮನೆಯ ಮೇಲೆ ಕೂತರೆ ಅಪಶಕುನ. ಟೆಕ್ಸಸ್ಸಿನಲ್ಲಿ ಹುಟ್ಟಿದ ಮಗುವಿಗೆ ಅದೆಲ್ಲ ಎಲ್ಲಿ ಗೊತ್ತು? ಅವಳಿಗೆ ಗೂಬೆ ಜಾಣ ಹಕ್ಕಿ. ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಕನ್ನಡ ಅವಳಿಗೆ ಚೆನ್ನಾಗಿ ಅರ್ಥವಾಗುತ್ತದೆ ಎನ್ನುವುದನ್ನು ದೊಡ್ಡವರು ಯಾವಾಗಲೂ ಮರೆಯುತ್ತಾರೆ.

ಆಗ ನಾನು ಬಾಯಿ ಹಾಕಿದೆ. ನಮ್ಮ ಪಕ್ಕದ ಮನೆಯ ಹಿಂದಿ ಗೆಳತಿ ದೀಪಾವಳಿ ಪೂಜೆಗೆ ಇಡುವ ಪಟದಲ್ಲಿ ಲಕ್ಷ್ಮಿಯ ಪಕ್ಕ ಬಿಳಿ ಗೂಬೆ ಇರುವುದನ್ನು ನೋಡಿದ್ದೆ. “ಉತ್ತರದ ಕಡೆ ಗೂಬೆ ಲಕ್ಷ್ಮಿಯ ವಾಹನ ಅಲ್ವಾ ಜಲಜಕ್ಕ?” ಎಂದೆ. “ಹುಡುಗಿ ಕೆರೆ ಹತ್ತಿರ ಗಾಯವಾದ ಗೂಬೆಮರೀನ ಕಾಪಾಡ್ತಾಳೆ. ಲಕ್ಷ್ಮಿ ಪ್ರತ್ಯಕ್ಷ ಆಗಿ, ಯಾರು ಕಷ್ಟದಲ್ಲಿ ಕರೆದ್ರೂ ನಿಂಗೆ ಕೇಳಿಸ್ಲಿ ಅಂತ ವರ ಕೊಡ್ತಾಳೆ. ಅಮ್ಮ ಸಾಯೋದು ಬೇಡ. ಅಮ್ಮ ಮನೇಲಿ ಆರಾಮಾಗಿರ್ಲಿ.”

ಜಲಜಕ್ಕನ ಮುಖ ಅರಳಿತು. “ಇದು ಕಥೆ! ಕಲಿತವಳು ಅಂದ್ರೆ ವಿಮಲಾ ನೋಡಿ.” ಎಲ್ಲರೂ ತಲೆದೂಗಿದರು. ಅಷ್ಟು ಬೇಗ, ಅಷ್ಟು ಸಲೀಸಾಗಿ ಆ ಕಥೆ ನನ್ನ ಬಾಯಿಂದ ಹೇಗೆ ಬಂತು ಎಂದು ಯಾರೂ ಕೇಳಲಿಲ್ಲ. ಮೊದಲ ಪುಟ ಓದಿದ ದಿನದಿಂದ ನಾನು ಹುಡುಕುತ್ತಿದ್ದದ್ದೇ ಅದನ್ನು ಅಳಿಸುವ ದಾರಿಯನ್ನು. ಗೂಬೆಯನ್ನು ಉಳಿಸಿಕೊಡುತ್ತಿದ್ದೇನೆ ಎಂಬ ಹೆಸರಿನಲ್ಲಿ ಅಳಿಸಿದೆ. ಆ ಪುಟ ಪರದೆಯ ಮೇಲೆ ಬಂದರೆ ಪ್ರಕಾಶ ನೋಡುತ್ತಾನೆ. ಸುಮನಾಳ ಕೈ ಹಿಡಿದು ಕೂತಿದ್ದವನು ಅವನು. ಅವಳು ಕರೆಯಲೇ ಇಲ್ಲವಲ್ಲ, ಮಗುವಿಗೆ ಇದನ್ನು ಯಾರು ಹೇಳಿದರು ಎಂದು ಕೇಳಿಯೇ ಕೇಳುತ್ತಾನೆ. ನನಗೆ ಬೇಡವಾಗಿದ್ದದ್ದು ಆ ಪ್ರಶ್ನೆ.

ಮನೆಗೆ ಬರುವಾಗ ಹಿಂದಿನ ಸೀಟಿನಿಂದ ಇಂಚರ ಕೇಳಿದಳು, “ಆಂಟಿ, ಹಾಗಾದ್ರೆ ಫಸ್ಟ್ ಪೇಜ್?”

“ಅದು ನಿನ್ನ ಬುಕ್ಕಲ್ಲಿ ಇದ್ದೇ ಇರತ್ತಲ್ಲ ಪುಟ್ಟಿ. ಸಿನಿಮಾಗೆ ಸ್ವಲ್ಪ ಬದಲಾಯಿಸ್ಬೇಕಾಗತ್ತೆ.”

“ಪಪ್ಪ ಬುಕ್ ನೋಡಲ್ಲ. ಬುಕ್ ಕೊಟ್ರೆ ನಾನು ಪಕ್ಕದಲ್ಲೇ ಇದ್ದು ಮಾತಾಡ್ಬೇಕಾಗತ್ತೆ. ಸ್ಕ್ರೀನಲ್ಲಾದ್ರೆ ಕತ್ತಲಲ್ಲಿ ಸುಮ್ನೆ ಕೂತ್ಕೋಬೋದಿತ್ತು.” ಕಿಟಕಿಯ ಕಡೆ ತಿರುಗಿ, “ಓಕೆ,” ಎಂದಳು. ಜಗಳವಾಡಿದ್ದರೆ ಚೆನ್ನಾಗಿತ್ತು.

ಅಕ್ಟೋಬರಿನಲ್ಲಿ ಮೂರು ಶನಿವಾರ ಚಿತ್ರೀಕರಣ. ಗರಿಗಳು ಗಾಳಿಗೆ ಉದುರುತ್ತಿದ್ದವು; ನಾನು ಕಾರಿನ ಪ್ಲಗ್ಗಿಗೆ ಗ್ಲೂ ಗನ್ ಸಿಕ್ಕಿಸಿಕೊಂಡು ಮತ್ತೆ ಮತ್ತೆ ಅಂಟಿಸುತ್ತಿದ್ದೆ. ಲಕ್ಷ್ಮಿಯಾಗಿ ಜಲಜಕ್ಕನೇ ನಿಂತರು. ತಮ್ಮ ಮದುವೆಯ ರೇಷ್ಮೆ ಸೀರೆ, ಕಿರೀಟ, ಕೆರೆಯ ದಂಡೆ. ಅವತ್ತೇ ಆ ವರ್ಷದ ಮೊದಲ ಉತ್ತರದ ಗಾಳಿ ಬೀಸಿ ಒಂದು ಗಂಟೆಯೊಳಗೆ ಬಿಸಿಲು ಹೋಗಿ ಮೈ ನಡುಗಿಸುವ ಚಳಿ ಬಂತು. “ಬೇಗ ವರ ಕೊಡಿಸಿ ಮಾರಾಯ್ರೇ, ಹಲ್ಲು ಕಟಕಟ ಅಂತುಂಟು,” ಎಂದು ಜಲಜಕ್ಕ ಅಭಯಹಸ್ತ ಎತ್ತಿಕೊಂಡೇ ಬೈದರು. “ಲಕ್ಷ್ಮಿ ನಡುಗಬಾರದ್ರಿ, ಮತ್ತೊಮ್ಮೆ ತಗೋಬೇಕಾಗತೈತಿ,” ಎಂದು ಇವರು. ಇಂಚರ ಕೂಡ ನಕ್ಕಳು. ಆ ನಗು ನೋಡಿ ನಾನು, ಆಯಿತು, ಮರೆತಿದ್ದಾಳೆ ಎಂದುಕೊಂಡೆ. ನನಗೆ ಬೇಕಾಗಿದ್ದನ್ನು ನಂಬಿದೆ.

ಬದುಕಿರುವ ಅಮ್ಮನ ಪಾತ್ರಕ್ಕೆ ಯಾರೂ ಸಿಗದೆ ನನ್ನನ್ನೇ ನಿಲ್ಲಿಸಿದರು. ನಮ್ಮದೇ ಅಡುಗೆಮನೆ, ನಾನು ಅಕ್ಕಿರೊಟ್ಟಿ ತಟ್ಟುತ್ತಿರಬೇಕು, ಅವಳು ಓಡಿಬಂದು, “ಅಮ್ಮ, ನಂಗೆ ಎಲ್ಲಾ ಕೇಳಿಸ್ತಿದೆ!” ಎನ್ನಬೇಕು. ಅವಳು ಓಡಿಬಂದಳು, ನಿಂತಳು, ಬಾಯಿ ತೆರೆದಳು. ಮಾತು ಬರಲಿಲ್ಲ. ಎರಡನೇ ಸಲವೂ ಹಾಗೆಯೇ. ಮೂರನೇ ಸಲ ಬಾಗಿಲಲ್ಲೇ ನಿಂತುಬಿಟ್ಟಳು. ಇವರು ಕ್ಯಾಮೆರಾ ಕೆಳಗಿಳಿಸಿದರು. “ಡೈಲಾಗ್ ಬ್ಯಾಡ ಬಿಡು ತಂಗಿ. ಸುಮ್ಮನ ಬಂದು ನಿಂದ್ರು. ಮ್ಯೂಸಿಕ್ ಹಾಕ್ತೀನಿ.” ರೊಟ್ಟಿ ಸೀದುಹೋಗಿತ್ತು. ಆದರೂ ಅವಳು ಅದನ್ನೇ ತಿಂದಳು, ಪಾಪ, ನನಗೆ ಬೇಜಾರಾಗಬಾರದೆಂದು.

ಕಾರ್ಯಕ್ರಮದ ದಿನ ಶಾಲೆಯ ಆಡಿಟೋರಿಯಮ್ಮಿನಲ್ಲಿ ಹೂವಿನ, ಕೊಬ್ಬರಿ ಎಣ್ಣೆಯ, ಪಲಾವಿನ ವಾಸನೆ ಒಟ್ಟಾಗಿ ತುಂಬಿತ್ತು. ಪ್ರಕಾಶ ಲ್ಯಾಬಿನಿಂದ ನೇರ ಬಂದು ಮಗಳ ಪಕ್ಕ ಕೂತ. ನಾನು ಅವರ ಹಿಂದಿನ ಸಾಲಿನಲ್ಲಿದ್ದೆ. ದೀಪ ಆರಿತು, ಚಿತ್ರ ಶುರುವಾಯಿತು. ಲಕ್ಷ್ಮಿ ಬಂದಾಗ ಶಿಳ್ಳೆ ಹೊಡೆದರು, ರೆಕ್ಕೆ ಬಿಚ್ಚಿದಾಗ ಮಕ್ಕಳು ಕೂಗಿದರು. ಇಂಚರ ಒಂದು ಸಲವೂ ಪರದೆ ನೋಡಲಿಲ್ಲ. ಕತ್ತು ಓರೆಮಾಡಿ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಪರದೆಯ ಬೆಳಕಿನಲ್ಲಿ ಪ್ರಕಾಶ ನಗುತ್ತಿದ್ದ.

ಮುಗಿದ ಮೇಲೆ ಅವನು ನನ್ನ ಎರಡೂ ಕೈ ಹಿಡಿದುಕೊಂಡ. “ಥ್ಯಾಂಕ್ಸ್ ವಿಮಲಕ್ಕ. ಸಿನಿಮಾ ಮಾಡ್ತಿದ್ದಾಳೆ ಅಂದಾಗ ಹೆದರಿದ್ದೆ, ಆಸ್ಪತ್ರೆ ಗೀಸ್ಪತ್ರೆ ಎಲ್ಲ ಇರತ್ತೇನೋ ಅಂತ. ಅಮ್ಮ ಇರೋ ಕಥೆ ಮಾಡಿದ್ದೀರಿ. ಮಗು ಸರಿಹೋಗ್ತಿದೆ ಅನ್ಸ್ತು.” ಮಗು ಅಲ್ಲೇ ರೆಕ್ಕೆ ತೊಟ್ಟು ನಿಂತಿತ್ತು. ಜಲಜಕ್ಕ ಅವಳ ಗಲ್ಲ ಹಿಂಡಿ ಲಾಡು ಬಾಯಿಗಿಟ್ಟರು. ಅಪ್ಪ, ಮಗಳ ನಡುವೆ ಇನ್ನು ಆ ದಿನದ ಮಾತು ಬರುವ ಬಾಗಿಲನ್ನು ನಾನು ಮುಚ್ಚಿಬಿಟ್ಟೆ ಎನ್ನುವುದು ಅಲ್ಲಿ, ಆ ಗದ್ದಲದಲ್ಲಿ ನನಗೆ ಸ್ಪಷ್ಟವಾಯಿತು. ಆದರೂ ಅವನಿಗೆ ಪಲಾವು ಬಡಿಸಿದೆ. ರಾಯತ ಹಾಕಲೇ ಎಂದು ಕೇಳಿದೆ.

ಡಿಸೆಂಬರಿನಲ್ಲಿ ಶಾಲೆಗೆ ರಜೆ ಬಿದ್ದ ವಾರ ಅವರು ಹ್ಯೂಸ್ಟನ್ನಿಗೆ ಹೊರಟರು. ಪ್ರಕಾಶ ಬಾಡಿಗೆ ಟ್ರಕ್ಕಿನಲ್ಲಿ ಮುಂದೆ, ನಾವು ಕಾರಿನಲ್ಲಿ ಹಿಂದೆ. ಟ್ರಕ್ಕಿನ ಪಕ್ಕದ ಸೀಟಿನಲ್ಲೂ ಸಾಮಾನು ತುಂಬಿದ್ದರಿಂದ ಇಂಚರ ನಮ್ಮೊಂದಿಗೆ ಬಂದಳು. ಬೆಳಗಿನ ಜಾವವೇ ಹೊರಟಿದ್ದೆವು. ದಾರಿಯುದ್ದಕ್ಕೂ ಒಣಹುಲ್ಲಿನ ಬಯಲು, ಅಲ್ಲಲ್ಲಿ ದನ. ಅರ್ಧ ದಾರಿಯಾದ ಮೇಲೆ ಅವಳು ಹಿಂದಿನಿಂದ ನನ್ನ ಭುಜ ಮುಟ್ಟಿದಳು.

“ಆಂಟಿ, ಇವತ್ತು ಪಪ್ಪಂಗೆ ಹೇಳ್ಬಿಡ್ತೀನಿ. ಸಿನಿಮಾ ಇಲ್ದೇನೇ. ಅಮ್ಮ ಕರೆದ್ರು, ನಾನು ಹೆಡ್‌ಫೋನ್ ಹಾಕ್ಕೊಂಡಿದ್ದೆ ಅಂತ. ಹೊಸ ಮನೆಗೆ ಅದನ್ನ ತಗೊಂಡು ಹೋಗೋಕೆ ಇಷ್ಟ ಇಲ್ಲ. ನೀವು ಪಕ್ಕದಲ್ಲಿ ಇರ್ತೀರಾ? ನೀವು ಕೇಳಿಸ್ಕೊಂಡಿದ್ರಲ್ವಾ. ನಾನು ಬೇಕಂತ ಮಾಡ್ಲಿಲ್ಲ ಅಂತ ನೀವು ಹೇಳಿದ್ರೆ ಪಪ್ಪ ನಂಬ್ತಾರೆ.”

“ಹೂಂ,” ಎಂದೆ.

ಪೆಟ್ರೋಲು ಹಾಕಿಸಲು ನಿಲ್ಲಿಸಿದಾಗ ಹುಡುಗಿ ಒಳಗೆ ಹೋದಳು. ಇವರು ನನ್ನ ಮುಖ ನೋಡಿದರು. “ಯಾಕ, ಮಾರಿ ಸಣ್ಣದು ಮಾಡೀದಿ?” ಪಂಪಿನ ಪಕ್ಕ ನಿಂತೇ ಎಲ್ಲ ಹೇಳಿದೆ. ಅಂದು ಆಡಿದ ಮಾತು, ಆ ಪುಟ, ಲಕ್ಷ್ಮಿಯನ್ನು ಯಾಕೆ ತಂದೆ ಎನ್ನುವುದು. ಇವರು ಪಂಪಿನ ಕೊಳವೆಯನ್ನು ವಾಪಸು ಸಿಕ್ಕಿಸಿದರು. “ನಾ ಆ ಸಿನಿಮಾ ತಗದು ಎಷ್ಟು ಮೆರದೆ,” ಎಂದರು. ಆಮೇಲೆ, “ನೀನ ಹೇಳಬೇಕು. ನಾ ಹೇಳಾಕ ಬರಂಗಿಲ್ಲ. ಆಕಿ ಬಾಯಿ ತಗಿಯೂಕಿಂತ ಮೊದಲ ಹೇಳು.”

ಉಳಿದ ದಾರಿಯಲ್ಲಿ ಹೇಳಲಾಗಲಿಲ್ಲ. ಹ್ಯೂಸ್ಟನ್ನಿನಲ್ಲಿ ಡಿಸೆಂಬರಿನಲ್ಲೂ ಮೈ ಅಂಟುವ ಸೆಕೆ. ಎರಡನೇ ಮಹಡಿಯ ಮನೆ. ಎಲ್ಲರೂ ಸೇರಿ ಪೆಟ್ಟಿಗೆ ಹೊತ್ತು ಮಧ್ಯಾಹ್ನದ ಹೊತ್ತಿಗೆ ಖಾಲಿ ಕಾರ್ಪೆಟ್ಟಿನ ಮೇಲೆ ಕುಸಿದು ಕೂತೆವು. ನಾನು ತಟ್ಟೆಗಳ ಪೆಟ್ಟಿಗೆ ಹುಡುಕುವ ನೆಪದಲ್ಲಿ ಎದ್ದೆ. ಹಿಂದೆ ಅವಳ ದನಿ ಕೇಳಿತು.

“ಪಪ್ಪ, ಅಮ್ಮ ಹೋದ ದಿನ…”

“ಇಲ್ಲ ಪುಟ್ಟಿ,” ಎಂದೆ. ತಿರುಗಿ ನಿಂತೆ. “ಸುಮನಾ ಕರೀಲಿಲ್ಲ. ಅವತ್ತು ಅವಳಿಗೆ ಮಾತೇ ಇರ್ಲಿಲ್ಲ. ನಿನ್ನ ಸಮಾಧಾನಕ್ಕೆ ಅಂತ ನಾನು ಹೇಳಿದ್ದು ಅದು. ನೀನು ಕೇಳಿಸ್ಕೊಳ್ಳದೇ ಇದ್ದದ್ದು ಏನೂ ಇಲ್ಲ. ಮೊದಲ ಪುಟ ನೋಡಿದ ದಿನವೇ ನಂಗೆ ಗೊತ್ತಾಯ್ತು. ಹೇಳೋಕೆ ಧೈರ್ಯ ಬರಲಿಲ್ಲ, ಅದಕ್ಕೇ ಸಿನಿಮಾದಲ್ಲಿ ಬದಲಾಯಿಸಿದೆ.”

ಪ್ರಕಾಶ ಅವಳ ಮುಖ, ನನ್ನ ಮುಖ ನೋಡಿದ. “ಯಾವ ಪುಟ? ಏನು ಕರೆದಿದ್ದು?” ಅವಳು ಇಂಗ್ಲಿಷಿನಲ್ಲಿ, ತಡವರಿಸುತ್ತಾ, ನಾಲ್ಕೂ ಚಿತ್ರ ಹೇಳಿದಳು. ಅವನು ಎದ್ದು ಬಂದು ಅವಳ ಮುಂದೆ ಮಂಡಿಯೂರಿದ. “ಇಲ್ಲ ಮಗಾ. ನಾನು ಕೈ ಹಿಡ್ಕೊಂಡೇ ಇದ್ದೆ. ಬೆಳಿಗ್ಗೆಯಿಂದ ಒಂದು ಮಾತಿಲ್ಲ.”

ಅವಳ ಮುಖ ಹಗುರಾಗುತ್ತದೆ ಎಂದು ನಾನು ಕಾದೆ. ಆಗಲಿಲ್ಲ.

“ಹಾಗಾದ್ರೆ ಅಮ್ಮ ನನ್ನ ಕರೀಲೇ ಇಲ್ವಾ?” ಎಂದಳು. ಮತ್ತೆ ನನ್ನ ಕಡೆ ತಿರುಗಿ, “ದಿನಾ ಮಲ್ಗೋವಾಗ ಆ ವಾಯ್ಸ್ ನಂಗೆ ಕೇಳಿಸ್ತಿತ್ತು ಆಂಟಿ. ಅಮ್ಮ ಹೇಗೆ ಕರೆದಿರ್ತಾರೆ ಅಂತ. ಅದೂ ಇಲ್ವಾ?”

ಸುಳ್ಳು ಹೇಳಿ ಒಂದು ಭಾರ ಹೊರಿಸಿದ್ದೆ. ನಿಜ ಹೇಳಿ ಅಮ್ಮನ ದನಿಯನ್ನೇ ಕಿತ್ತುಕೊಂಡೆ. ಇದು ನನಗೆ ಹೊಳೆದಿರಲಿಲ್ಲ. ಕ್ಷಮಿಸು ಪುಟ್ಟಿ ಎಂದೆ. ಅವಳು ಅಪ್ಪನ ಕಡೆ ತಿರುಗಿದಳು.

ಪ್ರಕಾಶ ಅವಳ ಹಣೆಯ ಮೇಲಿನ ಕೂದಲು ಸರಿಸಿದ. “ಹಿಂದಿನ ದಿನ ಸಂಜೆ ಅಮ್ಮ ಒಂದು ಮಾತು ಹೇಳಿದ್ಲು. ಇಂಚೂ ಕೂದ್ಲು ಕಣ್ಣಿಗೆ ಬೀಳ್ತಿದೆ, ಕಟ್ ಮಾಡ್ಸಿ ಅಂತ. ಅದೇ ಕೊನೆ. ಆಮೇಲೆ ಎಲ್ಲ ಗಡಿಬಿಡಿಯಲ್ಲಿ ನಾನು ಮಾಡಿಸ್ಲೇ ಇಲ್ಲ. ನಿಂಗೆ ಹೇಳೋಕೂ ನಾಚಿಕೆ ಆಯ್ತು.”

“ಕೂದ್ಲಾ?” ಎಂದಳು.

“ಕೂದ್ಲು.”

ಅವಳಿಗೆ ನಗು ಬಂತೋ ಅಳು ಬಂತೋ, ಎರಡೂ ಒಟ್ಟಿಗೆ ಬಂದು ಬಿಕ್ಕಳಿಕೆಯಾಯಿತು. ಅಪ್ಪನ ಭುಜಕ್ಕೆ ಹಣೆಯಿಟ್ಟಳು. ಇವರು ಏನೋ ತರುವವರಂತೆ ಟ್ರಕ್ಕಿನ ಕಡೆ ಇಳಿದುಹೋದರು.

ಈಗ ಅವಳು ಆಸ್ಟಿನ್ನಿನಲ್ಲಿ ಓದುತ್ತಿದ್ದಾಳೆ. ಗೂಬೆ ಹುಡುಗಿಯನ್ನು ಇನ್ನೂ ಬರೆಯುತ್ತಾಳಂತೆ. ಗೆಳೆಯರು ಸೇರಿ ಅನಿಮೇಷನ್ ಮಾಡುತ್ತಿದ್ದಾರೆ ಎಂದು ಪ್ರಕಾಶ ಹೇಳಿದ. ಮೊದಲ ಪುಟವನ್ನು ಅವಳೇ ಎಷ್ಟೋ ಸಲ ಬದಲಾಯಿಸಿದ್ದಾಳಂತೆ. ಹಬ್ಬಕ್ಕೆ ಫೋನು ಮಾಡುತ್ತಾಳೆ, ಚೆನ್ನಾಗಿ ಮಾತಾಡುತ್ತಾಳೆ. ಪುಟ ಮಾತ್ರ ನನಗೆ ತೋರಿಸಿಲ್ಲ. ನಾನು ಕೇಳಿಲ್ಲ.

ಹ್ಯೂಸ್ಟನ್ನಿನಲ್ಲಿ ಆ ಮಧ್ಯಾಹ್ನ, ಪ್ಲೇನೋದಿಂದ ಕಟ್ಟಿಕೊಂಡು ಹೋಗಿದ್ದ ಪುಳಿಯೋಗರೆ, ಮೊಸರನ್ನ ತೆಗೆದೆ. ಉಪ್ಪಿನಕಾಯಿ ಮರೆತು ಬಂದಿದ್ದೆ. ತಟ್ಟೆಗಳ ಪೆಟ್ಟಿಗೆ ಸಿಗದೆ ಕಾಗದದ ತಟ್ಟೆಯಲ್ಲಿ ಬಡಿಸಿದೆ. ಇಂಚರ ನನ್ನ ಕೈಯಿಂದ ಸೌಟು ತೆಗೆದುಕೊಂಡು ತಾನೇ ಬಡಿಸಿಕೊಂಡಳು, ಮೊಸರನ್ನ ಮಾತ್ರ. ಎರಡನೇ ಸಲ ಹಾಕಲೇ ಎಂದದ್ದಕ್ಕೆ ಬೇಡವೆಂದು ತಲೆಯಾಡಿಸಿ, ಸ್ವಲ್ಪ ಹೊತ್ತಾದ ಮೇಲೆ ತಾನಾಗಿ ಇನ್ನಷ್ಟು ಹಾಕಿಕೊಂಡಳು. ಇವರು ಪುಳಿಯೋಗರೆಗೆ ಉಪ್ಪು ಮುಂದಾಗಿದೆ ಎಂದರು, ಆಗಿತ್ತು. ಮೊದಲು ನಿದ್ದೆ ಹೋದವನು ಪ್ರಕಾಶ. ಉಂಡ ಕೈ ತೊಳೆಯಲೂ ಏಳದೆ ಗೋಡೆಗೆ ಒರಗಿದ್ದವನು ಹಾಗೇ ಕಾರ್ಪೆಟ್ಟಿಗೆ ಜಾರಿದ. ಮೊಸರನ್ನ ಅವನ ಬೆರಳುಗಳ ಮೇಲೆ ಒಣಗುತ್ತಿತ್ತು. ಇಂಚರ ಟಿಶ್ಯೂ ಒದ್ದೆ ಮಾಡಿಕೊಂಡು ಬಂದು, ಅವನು ಏಳದ ಹಾಗೆ ಒಂದೊಂದೇ ಬೆರಳು ಒರೆಸಿದಳು. ಆಮೇಲೆ ಅವನ ಪಕ್ಕ, ಅವನ ಕಡೆ ಮುಖ ಮಾಡಿ ಮಲಗಿದಳು.